ಒಂದು ಬೆರಳಿನ ಜಾಗ

ಅಮ್ಮ ಯಾರ ಅಳತೆ ತೆಗೆದುಕೊಂಡರೂ ಟೇಪಿಗೂ ಮೈಗೂ ನಡುವೆ ತನ್ನ ತೋರುಬೆರಳನ್ನು ಇಟ್ಟೇ ತೆಗೆದುಕೊಳ್ಳುತ್ತಿದ್ದಳು. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. ಒಮ್ಮೆಯೂ ಆ ಬೆರಳನ್ನು ಮರೆತದ್ದಿಲ್ಲ. ಅಳತೆ ಮುಗಿಯುವವರೆಗೂ ಎದುರು ನಿಂತವರನ್ನು ಮಾತಾಡಿಸುತ್ತಲೇ ಇರುತ್ತಿದ್ದಳು. ಮಗು ಹೇಗಿದೆ, ಮನೆಗೆ ಬಣ್ಣ ಹೊಡೆಸಿದಿರಾ, ನಿಮ್ಮ ಅತ್ತೆಯ ಮಂಡಿನೋವು ಎಲ್ಲಿಗೆ ಬಂತು. ಗಿರಾಕಿಗಳು ಅವಳನ್ನು ಬರೀ ಮಾತುಗಾತಿ ಎಂದುಕೊಂಡಿದ್ದರು. ವಿಷಯ ಅದಲ್ಲ. ಟೇಪು ಮೈಗೆ ತಾಗಿದ ಕೂಡಲೇ ಯಾರಾದರೂ ಸರಿ, ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಗಿಹಿಡಿಯುತ್ತಾರೆ. ಮಾತಾಡುತ್ತಿರುವವರು ಉಸಿರು ಹಿಡಿಯಲಾರರು. ಒಂದು ಬೆರಳು, ನಾಲ್ಕು ಮಾತು, ಇಷ್ಟೇ ನಿನ್ನ ವಿದ್ಯೆ ಎಂದು ನಾನು ಅವಳನ್ನು ರೇಗಿಸುತ್ತಿದ್ದೆ.

ಈಗ ರೇಗಿಸುವುದಿಲ್ಲ. ಈಗ ನನ್ನ ಅಂಗಿಯ ಕುತ್ತಿಗೆಯ ಗುಂಡಿ ಹಾಕಿಕೊಳ್ಳಲೂ ನನಗೆ ಭಯ.

ಆ ಬೆರಳನ್ನು ಬಿಟ್ಟವಳು ನಾನು, ಅವಳ ಹಿರಿಮಗಳು. ಮರೆತುಹೋಯಿತು ಎಂದು ಡಾಕ್ಟರಿಗೆ ಹೇಳಿದೆ, ಗ್ಯಾಲರಿಯವರಿಗೆ ಹೇಳಿದೆ, ಅಕ್ಕಪಕ್ಕದ ಮನೆಯವರಿಗೂ ಹೇಳಿದೆ. ಅದು ಶುದ್ಧ ಸುಳ್ಳು. ಬೇಕೆಂದೇ ಬಿಟ್ಟೆ.

ನಾನು ಲೋಹದಲ್ಲಿ ಬಟ್ಟೆ ಮಾಡುತ್ತೇನೆ. ಹೆಚ್ಚಾಗಿ ತಾಮ್ರದ ತೆಳು ತಗಡು. ಅಮ್ಮ ಬಟ್ಟೆ ಕತ್ತರಿಸುತ್ತಿದ್ದ ಹಾಗೆಯೇ ಮೊದಲು ಕಾಗದದಲ್ಲಿ ಕತ್ತರಿಸಿ, ಅದನ್ನು ತಗಡಿನ ಮೇಲಿಟ್ಟು ಗೆರೆ ಎಳೆದು, ತಗಡು ಕತ್ತರಿಯಿಂದ ಬಿಡಿಸಿ, ಮರಳಿನ ಚೀಲದ ಮೇಲಿಟ್ಟು ಕೊಡತಿಯಿಂದ ಬಡಿಯುತ್ತೇನೆ. ತಾಮ್ರಕ್ಕೊಂದು ಸ್ವಭಾವ ಇದೆ. ಕೆಂಪಗೆ ಕಾಯಿಸಿ ಆರಿಸಿದರೆ ಹೇಳಿದ ಮಾತು ಕೇಳುತ್ತದೆ; ಬಡಿಯುತ್ತ ಹೋದಂತೆ ಬಿರುಸಾಗಿ ಹಠ ಹಿಡಿಯುತ್ತದೆ. ಮತ್ತೆ ಕಾಯಿಸಬೇಕು, ಮತ್ತೆ ಬಡಿಯಬೇಕು. ಒಂದು ನಿಲುವಂಗಿಗೆ ಕಡಿಮೆಯೆಂದರೆ ಮೂರು ತಿಂಗಳು ಹಿಡಿಯುತ್ತದೆ.

ನನ್ನ ಆಕೃತಿಗಳಿಗೆ ಮುಖವಿಲ್ಲ. ಮುಖ ಇರಬೇಕಾದ ಕಡೆ ತಾಮ್ರದ ಮುಸುಕು ಇಳಿಬಿದ್ದಿರುತ್ತದೆ, ಅದರೊಳಗೆ ಏನೂ ಇರುವುದಿಲ್ಲ. ಮುಖವನ್ನು ನಾನು ನಂಬುವುದಿಲ್ಲ, ಅದಕ್ಕೆ ನಟನೆ ಬರುತ್ತದೆ. ಬಟ್ಟೆಗೆ ಬರುವುದಿಲ್ಲ. ಸಿಟ್ಟು ಬಂದವರ ತೋಳಿನ ಸುಕ್ಕೇ ಬೇರೆ, ಅಳು ತಡೆದುಕೊಂಡವರ ಬೆನ್ನಿನ ಸುಕ್ಕೇ ಬೇರೆ. ಬಸ್ ನಿಲ್ದಾಣದಲ್ಲಿ ನಿಂತು ಜನರ ಮೊಣಕೈ, ಸೊಂಟ, ಕಂಕುಳು ನೋಡಿ ಚೀಟಿಯಲ್ಲಿ ಗೀಚಿಕೊಳ್ಳುವುದು ನನ್ನ ಅರ್ಧ ಕೆಲಸ. ಒಂದೆರಡು ಸಲ ಬೈಸಿಕೊಂಡೂ ಇದ್ದೇನೆ. ಹೀಗೆ ನಾಲ್ಕು ಹೆಂಗಸರನ್ನು ಮಾಡಿ ಮುಗಿಸಿದ್ದೆ. ಒಬ್ಬಳು ಬಾಗಿಲಿಗೆ ಭುಜ ಕೊಟ್ಟು ಯಾರಿಗೋ ಕಾಯುತ್ತಿದ್ದಾಳೆ. ಒಬ್ಬಳು ಅಂಚು ಎತ್ತಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಳೆ. ಇನ್ನೊಬ್ಬಳನ್ನು ಹಿಂದಿನಿಂದ ಯಾರೋ ಕರೆದಿದ್ದಾರೆ. ನಾಲ್ಕನೆಯವಳು ಸುಮ್ಮನೆ ದಣಿದಿದ್ದಾಳೆ, ಅಷ್ಟೇ.

ಐದನೆಯವಳು ಹೆದರಿದವಳಾಗಬೇಕಿತ್ತು. ಆಗಲಿಲ್ಲ. ಭಯ ಬಟ್ಟೆಯ ಮೇಲೆ ಎಲ್ಲಿ ಕೂರುತ್ತದೆ ಎನ್ನುವುದೇ ನನಗೆ ಸಿಗಲಿಲ್ಲ. ಮೂರು ಸಲ ಮಾಡಿದೆ. ಮೂರು ಸಲವೂ ಚಳಿಗೆ ಮುದುಡಿದವಳಂತೆ ಕಂಡಳು. ಮೂರನ್ನೂ ಚಪ್ಪಟೆ ಬಡಿದು ಮೂಲೆಗೆ ಎಸೆದೆ. ಪ್ರದರ್ಶನಕ್ಕೆ ಐದು ವಾರ ಉಳಿದಿತ್ತು. ಗ್ಯಾಲರಿಯ ಯಜಮಾನರು ಬಂದು ನೋಡಿ, ನಾಲ್ಕರ ನಡುವೆ ಐದನೆಯದರ ಒಳಗೆ ನಿಜವಾದ ಮನುಷ್ಯರೊಬ್ಬರನ್ನು ನಿಲ್ಲಿಸಿದರೆ ಹೇಗೆ ಎಂದರು. ಯಾವುದರೊಳಗೆ ಜೀವ ಇದೆ ಎಂದು ಜನ ಹುಡುಕಲಿ, ಇಪ್ಪತ್ತು ನಿಮಿಷದ ನಂತರ ಅವಳು ಕೈ ಎತ್ತಲಿ, ಜನ ಬೆಚ್ಚಿಬೀಳಲಿ. ನನಗೆ ಅದು ತಮಾಷೆಯ ಆಟ ಅನ್ನಿಸಿತು. ಆದರೆ ಭಯವನ್ನು ಮಾಡಲಾರದೆ ಸೋತಿದ್ದೆ, ಒಪ್ಪಿಕೊಂಡೆ.

ಒಳಗೆ ನಿಲ್ಲುವವಳು ಯಾರು ಎಂದು ಯೋಚಿಸಲೇ ಇಲ್ಲ. ನನ್ನ ತಂಗಿ ಇದ್ದಳಲ್ಲ. ಮನೆಯಲ್ಲಿ ಅವಳಿಗೆ ಚೂಟಿ ಎಂದೇ ಹೆಸರು. ಊರಿನ ಬಸ್ಸು ಓಡಿಸುತ್ತಾಳೆ. ಚಿಕ್ಕಂದಿನಿಂದ ನನ್ನ ಎಲ್ಲ ಹುಚ್ಚಾಟಕ್ಕೂ ಮೈಕೊಟ್ಟವಳು ಅವಳೇ. ಕೇಳಿದಾಗ ಊಟ ಮಾಡುತ್ತಿದ್ದಳು, ತಲೆ ಎತ್ತದೆ ಹೂಂ ಎಂದಳು. "ನನ್ನ ಕೈಲಿ ದಿನಾ ಎಪ್ಪತ್ತು ಜನರ ಜೀವ ಇರುತ್ತೆ. ನಿನ್ನ ಕೈಲಿ ಒಂದಿಪ್ಪತ್ತು ನಿಮಿಷ ನನ್ನದಿರಲಿ ಬಿಡು" ಎಂದು ನಕ್ಕಳು. ಅಮ್ಮ ಮಾತ್ರ ನಗಲಿಲ್ಲ.

ಅಳತೆಗೆ ಕಾರ್ಖಾನೆಗೇ ಬಾ ಎಂದೆ. ಕಾರ್ಖಾನೆ ಎಂದರೆ ಹಳೆಯ ಗೋದಾಮಿನ ಒಂದು ಕೋಣೆ. ಬಾಗಿಲ ಹತ್ತಿರ ಗ್ಯಾಸಿನ ಸಿಲಿಂಡರು, ನಡುವೆ ಮರದ ದಿಮ್ಮಿ, ಗೋಡೆಯುದ್ದಕ್ಕೂ ಮುಖವಿಲ್ಲದ ನಾಲ್ಕು ಜನ. ಚೂಟಿಗೆ ಅವರ ಮಧ್ಯೆ ನಿಲ್ಲುವುದು ಇಷ್ಟವಾಗಲಿಲ್ಲ, ಯಾರೋ ಬೆನ್ನು ನೋಡುತ್ತಿದ್ದಾರೆ ಎಂದಳು. ಅಮ್ಮನ ಟೇಪನ್ನೇ ತಂದಿದ್ದೆ. ಸೊಂಟಕ್ಕೆ ಸುತ್ತಿದ ಕೂಡಲೇ ಅವಳು ಎಂದಿನಂತೆ ಉಸಿರೆಲ್ಲ ಹೊರಗೆ ಬಿಟ್ಟು, ಹೊಟ್ಟೆ ಎಳೆದುಕೊಂಡು ಬೊಂಬೆಯಂತೆ ನಿಂತಳು. ಚಿಕ್ಕವಳಿದ್ದಾಗಲೂ ಹೀಗೇ. ಅಮ್ಮ ಅವಳ ಅಳತೆ ತೆಗೆಯಬೇಕಾದರೆ ಮೊದಲು ನಗಿಸುತ್ತಿದ್ದಳು. ನಾನು ನಗಿಸಲಿಲ್ಲ. ಅವಳು ಏನೋ ಹೇಳಲು ಬಾಯಿ ತೆರೆದಾಗ, ಅಲ್ಲಾಡಬೇಡ, ಸುಮ್ಮನಿರು ಎಂದು ಗದರಿದೆ.

ಬೆರಳನ್ನು ಯಾಕೆ ಇಡಲಿಲ್ಲ ಎಂದರೆ, ಬಟ್ಟೆಗಾದರೆ ಸರಿ, ಬಟ್ಟೆ ಬಿಟ್ಟ ಜಾಗದಲ್ಲಿ ಇಳಿಬೀಳುತ್ತದೆ. ತಗಡಿಗೆ ಒಂದು ಬೆರಳು ಜಾಗ ಬಿಟ್ಟರೆ ಅದು ಡಬ್ಬಿಯಾಗುತ್ತದೆ. ಮೈಗೆ ಅಂಟಿದರೆ ಮಾತ್ರ ತಾಮ್ರ ಬಟ್ಟೆಯಂತೆ ಕಾಣುವುದು. ನಾಲ್ಕು ಆಕೃತಿಗಳನ್ನು ಹಾಗೆಯೇ ಮಾಡಿದ್ದೆ, ಬಹಳ ಚೆನ್ನಾಗಿ ಬಂದಿದ್ದವು. ಆ ನಾಲ್ವರಿಗೂ ಉಸಿರಾಟದ ಗೊಡವೆ ಇರಲಿಲ್ಲ ಎನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೂತಿದ್ದಳು. ಎರಡು ವರ್ಷದಿಂದ ಅವಳ ಬಲಗೈ ನಡುಗುತ್ತದೆ, ಯಂತ್ರಕ್ಕೆ ಮುಸುಕು ಹಾಕಿಟ್ಟಿದ್ದಾಳೆ. ಟೇಪನ್ನು ವಾಪಸು ಇಸಿದುಕೊಂಡು ಸುತ್ತುತ್ತ ಕೇಳಿದಳು.

"ಬೆರಳು ಇಟ್ಟೆ ತಾನೇ?"

"ಹೂಂ" ಎಂದೆ.

ಆ ಒಂದು ಹೂಂ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಿಲುವಂಗಿ ಮೂರು ತಿಂಗಳ ಬದಲು ನಾಲ್ಕು ವಾರದಲ್ಲಿ ಮುಗಿಯಿತು. ಕುತ್ತಿಗೆಯಿಂದ ಪಾದದವರೆಗೆ ಒಂದೇ ಇಳಿತ, ತಲೆಯ ಮೇಲಿಂದ ಗಲ್ಲದವರೆಗೆ ಮುಸುಕು. ಮುಸುಕಿನಲ್ಲಿ ಕಣ್ಣಿನ ನೇರಕ್ಕೆ ಸೂಜಿ ಗಾತ್ರದ ತೂತುಗಳ ಒಂದು ಸಾಲು ಕೊರೆದಿದ್ದೆ, ಹೊರಗಿನವರಿಗೆ ಅದು ಅಂಚಿನ ಕಸೂತಿಯಂತೆ ಕಾಣಬೇಕು. ಬೆನ್ನಿನ ಹೊಲಿಗೆಗೆ ಹದಿನಾಲ್ಕು ಸಣ್ಣ ಸ್ಕ್ರೂ, ಅದರ ಮೇಲೆ ಒಂದು ನೆರಿಗೆ ಮುಚ್ಚಿಕೊಳ್ಳುವ ಹಾಗೆ. ಕೊನೆಯ ಸಲ ಬಡಿದಾದ ಮೇಲೆ ತಗಡನ್ನು ಮತ್ತೊಮ್ಮೆ ಕಾಯಿಸಿ ಮೆದು ಮಾಡಬೇಕಿತ್ತು. ಅಷ್ಟರಲ್ಲಿ ಅದಕ್ಕೊಂದು ಒಳ್ಳೆಯ ಕಂದು ಬಣ್ಣ ಬಂದಿತ್ತು, ಉರಿ ತಾಗಿಸಿದರೆ ಹಾಳಾಗುತ್ತಿತ್ತು. ಹಾಗೇ ಬಿಟ್ಟೆ. ಅಂದರೆ ನನ್ನ ತಂಗಿಗೆ ಹೊಲಿದ ಬಟ್ಟೆ ಹಠ ಹಿಡಿದ ತಾಮ್ರದ್ದು.

ಹಿಂದಿನ ದಿನ ತೊಡಿಸಿ ನೋಡಿದೆವು. ಸ್ಕ್ರೂ ಹಾಕುವ ತಾಳ್ಮೆ ಇರಲಿಲ್ಲ, ಬೆನ್ನಿಗೆ ಹಗ್ಗ ಕಟ್ಟಿದೆ. ಹಗ್ಗ ಸ್ವಲ್ಪ ಎಳೆದುಕೊಳ್ಳುತ್ತದಲ್ಲ, ಚೂಟಿ ಆರಾಮಾಗಿಯೇ ನಿಂತಿದ್ದಳು. ಆದರೆ ಪಕ್ಕೆಯ ಹತ್ತಿರ ತಗಡು ಟಕ್ ಎಂದಿತು. ಅವಳು ಉಸಿರೆಳೆದಾಗ ಟಕ್, ಬಿಟ್ಟಾಗ ಟಕ್. ಏನದು ಸದ್ದು ಎಂದು ಮುಸುಕಿನೊಳಗಿಂದ ಕೇಳಿದಳು. ತಗಡಲ್ವಾ, ಮಾತಾಡುತ್ತೆ ಎಂದೆ. ಆ ಸದ್ದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಒಂದು ಸಂಕೇತ ಮಾತ್ರ ಗೊತ್ತು ಮಾಡಿಕೊಂಡೆವು. ಒಳಗೆ ಕಷ್ಟವಾದರೆ ಬಲಗೈಯ ತೋರುಬೆರಳು ಎತ್ತುವುದು, ನಾನು ಬಂದು ಬಿಡಿಸುವುದು.

ಪ್ರದರ್ಶನದ ದಿನ ಸಂಜೆ ನಾಲ್ಕಕ್ಕೆ ಅವಳು ಪಾಳಿ ಮುಗಿಸಿ ನೇರ ಗ್ಯಾಲರಿಗೆ ಬಂದಳು. ಹೊಟ್ಟೆತುಂಬ ತಿಂದು ಬಂದಿದ್ದಳು, ನಿಂತು ನಿಂತು ತಲೆ ತಿರುಗಬಾರದಲ್ಲ ಎಂದು. ಪರದೆಯ ಹಿಂದೆ ತೊಡಿಸಿ ಸ್ಕ್ರೂ ಬಿಗಿಯುತ್ತ ಹೋದೆ. ಹತ್ತನೆಯದಕ್ಕೆ ಅಂಚುಗಳು ಕೂಡಲಿಲ್ಲ. ಉಸಿರು ಬಿಡು ಎಂದೆ, ಬಿಟ್ಟಳು, ಕೂಡಿತು. ಹನ್ನೊಂದಕ್ಕೂ ಹಾಗೇ. ಹದಿನಾಲ್ಕಕ್ಕೂ ಹಾಗೇ. "ಬಿಗಿ ಆಯ್ತು ಅಕ್ಕ" ಎಂದಳು. ನನ್ನ ಕಿವಿ ಹೊರಗೆ ಸೇರುತ್ತಿದ್ದ ಜನರ ಕಡೆಗಿತ್ತು. ಇಪ್ಪತ್ತೇ ನಿಮಿಷ, ಇಪ್ಪತ್ತೇ ನಿಮಿಷ ಎಂದು ಮುಸುಕು ಇಳಿಸಿದೆ.

ಐದನೆಯ ಪೀಠದ ಮೇಲೆ ಅವಳನ್ನು ನಿಲ್ಲಿಸಿ ಪರದೆ ಸರಿಸಿದರು. ಮೇಲಿನಿಂದ ದೊಡ್ಡ ದೊಡ್ಡ ದೀಪ. ಸುಮಾರು ಅರವತ್ತು ಜನ ಇದ್ದರು, ಗ್ಲಾಸು ಹಿಡಿದು ಅಡ್ಡಾಡುತ್ತ, ಇದರೊಳಗೆ ಇದ್ದಾಳೆ, ಇಲ್ಲ ಅದರೊಳಗೆ ಎಂದು ಮೆಲ್ಲಗೆ ಪಣ ಕಟ್ಟುತ್ತಿದ್ದರು. ನಾನು ಎದುರುಗಡೆ ಗೋಡೆಗೆ ಒರಗಿ ನಿಂತಿದ್ದೆ, ಹತ್ತು ಹನ್ನೆರಡು ಹೆಜ್ಜೆ ದೂರ. ದಣಿದವಳ ಮುಂದೆ ಒಬ್ಬ ಮುದುಕರು ಬಹಳ ಹೊತ್ತು ನಿಂತಿದ್ದರು. ಖುಷಿಯಾಯಿತು. ಏಳೆಂಟು ನಿಮಿಷ ಕಳೆದಿರಬೇಕು.

ಆಗ ಐದನೆಯವಳ ಮೇಲೆ ಒಂದು ಗೆರೆ ಮೂಡಿತು.

ಬಲ ಕಂಕುಳಿನಿಂದ ಹೊರಟು ಓರೆಯಾಗಿ ಸೊಂಟದ ಕಡೆಗೆ ಇಳಿದ ಮಡಿಕೆ. ನಾನು ಬಡಿದದ್ದಲ್ಲ. ಟಕ್ ಎಂದು ಮೂಡಿತು, ಟಕ್ ಎಂದು ಮಾಯವಾಯಿತು, ಮತ್ತೆ ಇನ್ನೂ ಆಳವಾಗಿ ಮೂಡಿತು. ಅದರ ಜೊತೆಗೆ ಭುಜ ಒಂದು ನೂಲಿನಷ್ಟು ಮೇಲೇರಿ ಅಲ್ಲೇ ನಿಂತಿತು. ತೋಳಿನ ಅಂಚಿನಿಂದ ಹೊರಗಿದ್ದ, ಉಳಿದ ನಾಲ್ವರ ಕೈಯಂತೆ ಕಾಣಲೆಂದು ತಾಮ್ರದ ಬಣ್ಣ ಬಳಿದಿದ್ದ ಅವಳ ಬಲಗೈ ಮೆಲ್ಲಗೆ ಅರಳಿತು. ತೋರುಬೆರಳು ಎದ್ದಿತು.

ನಾನು ಅದನ್ನು ನೋಡಿದೆ. ಬೆರಳನ್ನು ನೋಡಿದೆ, ಅದು ಏನೆಂದು ನನಗೆ ಗೊತ್ತಾಯಿತು, ಆದರೂ ನನ್ನ ಕಣ್ಣು ಮತ್ತೆ ಆ ಮಡಿಕೆಗೇ ಹೋಯಿತು. ತಿಂಗಳುಗಟ್ಟಲೆ ಹುಡುಕಿದ್ದು ಎದುರಿಗಿತ್ತು. ಭಯ ಕಂಕುಳಲ್ಲಿ ಕೂರುತ್ತದೆ, ನಾನು ಇಷ್ಟು ದಿನ ಬೆನ್ನಲ್ಲಿ ಹುಡುಕುತ್ತಿದ್ದೆ. ಎಷ್ಟು ಆಳ, ಎಷ್ಟು ಓರೆ, ಎಲ್ಲಿ ಮುಗಿಯುತ್ತದೆ ಎಂದು ತಲೆ ಒಂದು ಕಡೆ ವಾಲಿಸಿ ನೋಡುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, "ಐದನೇದು ನೋಡಿ, ಎಷ್ಟು ಜೀವಂತವಾಗಿದೆ" ಎಂದರು. ನಾನು ಹೌದು ಎಂದೆ.

ಆಮೇಲೆ ಟಕ್ ಎನ್ನುವ ಸದ್ದು ನಿಂತುಹೋಯಿತು. ಅದು ನಿಂತ ಮೇಲೆಯೇ ನಾನು ಎಚ್ಚೆತ್ತದ್ದು.

ಓಡಿದೆ. ಪೀಠ ಹತ್ತಿ ನೆರಿಗೆ ಎತ್ತಿ ಜೇಬಿನ ಸ್ಕ್ರೂಡ್ರೈವರಿನಿಂದ ಸ್ಕ್ರೂ ತಿರುಗಿಸಲು ನೋಡಿದರೆ ತಿರುಗಲೊಲ್ಲದು. ಒಳಗಿನಿಂದ ಅವಳು ಉಸಿರಿಗಾಗಿ ಒದ್ದಾಡಿದ ಒತ್ತಡಕ್ಕೆ ಸ್ಕ್ರೂಗಳೆಲ್ಲ ಸೊಟ್ಟಗಾಗಿ ಕಚ್ಚಿಕೊಂಡಿದ್ದವು. ಕೈ ಜಾರಿತು, ಮತ್ತೆ ಹಿಡಿದೆ, ಮತ್ತೆ ಜಾರಿತು. ಮುಸುಕು ಕಿತ್ತೆಸೆದೆ. ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು, ಕಣ್ಣು ತೆರೆದೇ ಇತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಈಗಲೂ ನಿದ್ದೆಯಲ್ಲಿ ಕೇಳುತ್ತದೆ.

ತಗಡು ಕತ್ತರಿ ಪರದೆಯ ಹಿಂದೆ ಚೀಲದಲ್ಲಿತ್ತು. ಅಲ್ಲಿಗೆ ಹೋಗಿ ಬರುವ ದಾರಿ ಎಷ್ಟು ಉದ್ದ ಇತ್ತೆಂದರೆ ಹೇಳಲಾರೆ. ಯಜಮಾನರು ಅವಳನ್ನು ಆತು ಹಿಡಿದಿದ್ದರು. ಕುತ್ತಿಗೆಯ ಹಿಂದಿನಿಂದ ಬೆನ್ನುದ್ದಕ್ಕೂ ಕೆಳಗೆ ಕತ್ತರಿಸುತ್ತ ಬಂದೆ. ಮೆದು ತಾಮ್ರವಾಗಿದ್ದರೆ ಕಾಗದದಂತೆ ಬಿಚ್ಚಿಕೊಳ್ಳುತ್ತಿತ್ತು. ಇದು ಪ್ರತಿ ಬೆರಳಗಲಕ್ಕೂ ಜಗಳಾಡಿತು. ಕತ್ತರಿಯ ಮೂತಿ ಒಳಗೆ ತೂರಿಸಲು ತಗಡಿಗೂ ಮೈಗೂ ನಡುವೆ ಜಾಗವೇ ಇರಲಿಲ್ಲ. ಒಂದು ಬೆರಳಿನಷ್ಟು ಜಾಗ ಇದ್ದಿದ್ದರೆ ಎಂದು ಆ ಗಡಿಬಿಡಿಯಲ್ಲೂ ಅನ್ನಿಸಿತು, ಅಮ್ಮನ ದನಿಯಲ್ಲೇ ಅನ್ನಿಸಿತು. ಕೊನೆಗೆ ಚರ್ಮ ಸೇರಿಸಿಯೇ ಕತ್ತರಿಸಿದೆ. ಪಕ್ಕೆಯವರೆಗೆ ಬಂದಾಗ ಎರಡು ಕೈಯಲ್ಲಿ ತಗಡನ್ನು ಹಿಡಿದು ಜಗ್ಗಿ ಬಿಡಿಸಿದೆ. ಚೂಟಿ ನೀರಿನಿಂದ ಮೇಲೆ ಬಂದವಳಂತೆ ಒಮ್ಮೆ ಉಸಿರೆಳೆದುಕೊಂಡಳು. ಅಂಥ ಸದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಒಂದು ಪಕ್ಕೆಲುಬು ಬಿರುಕು ಬಿಟ್ಟಿತ್ತು, ಬೆನ್ನಿಗೆ ಒಂಬತ್ತು ಹೊಲಿಗೆ ಬಿತ್ತು. ಆಸ್ಪತ್ರೆಗೆ ಬಂದ ಅಮ್ಮ ಯಾರನ್ನೂ ಬೈಯಲಿಲ್ಲ. ಗಾಯದ ಬಟ್ಟೆ ಬದಲಿಸುವಾಗ ಬಗ್ಗಿ ನೋಡಿ, ಎಷ್ಟು ದೂರ ದೂರ ಹಾಕಿದ್ದಾರೆ ಹೊಲಿಗೆ, ನಾನಾಗಿದ್ದರೆ ಹದಿನೆಂಟು ಹಾಕುತ್ತಿದ್ದೆ ಎಂದಳು. ಚೂಟಿ ನಗಲು ಹೋಗಿ ನೋವಿನಿಂದ ಮುಖ ಹಿಂಡಿದಳು. ನನಗೆ ಅಲ್ಲೇ ನೆಲಕ್ಕೆ ಇಳಿದು ಹೋಗಬೇಕು ಅನ್ನಿಸಿತು.

ನೋಡಲು ಬಂದವರಿಗೆಲ್ಲ ಚೂಟಿ ಒಂದೇ ಕತೆ ಹೇಳಿದಳು. ಸ್ವಲ್ಪ ಉಸಿರು ಕಟ್ಟಿತು, ಬೆರಳು ಎತ್ತಿದೆ, ಎತ್ತಿದ ತಕ್ಷಣ ಅಕ್ಕ ಓಡಿ ಬಂದಳು. ಅವಳ ಡಿಪೋದ ಗೆಳತಿಯರು ನನ್ನ ಕೈ ಹಿಡಿದುಕೊಂಡು, ನೀವಿಲ್ಲದಿದ್ದರೆ ಏನು ಗತಿ ಎಂದರು. ಎತ್ತಿದ ತಕ್ಷಣ ಎನ್ನುವ ಮಾತು ಬಂದಾಗೆಲ್ಲ ನಾನು ಅವಳ ಮುಖ ನೋಡುತ್ತಿದ್ದೆ. ಅವಳು ದಿಂಬು ಸರಿ ಮಾಡಿಕೊಳ್ಳುತ್ತಿದ್ದಳು, ಇಲ್ಲವೆ ನೀರಿನ ಲೋಟಕ್ಕೆ ಕೈ ಚಾಚುತ್ತಿದ್ದಳು.

ಅವಳಿಗೆ ನಾನು ಕಂಡೆನೋ ಇಲ್ಲವೋ. ಅಲ್ಲಿಂದ ಮುಂದೆ ನನ್ನ ತಲೆಯಲ್ಲಿ ಇದೊಂದೇ. ದೀಪ ಕಣ್ಣಿಗೆ ಹೊಡೆಯುತ್ತಿತ್ತು, ತೂತುಗಳು ಸೂಜಿ ಗಾತ್ರದವು, ಎದುರು ಅರವತ್ತು ಜನ. ಕಂಡಿರಲಾರದು ಎಂದು ಬೆಳಿಗ್ಗೆ ಲೆಕ್ಕ ಹಾಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ತಿರುಗಿಬೀಳುತ್ತಿತ್ತು. ಬಸ್ಸು ಓಡಿಸುವವಳು ಅವಳು. ಮೂರು ಕನ್ನಡಿಯಲ್ಲಿ ಹಿಂದೆ ಮುಂದೆ ಒಟ್ಟಿಗೆ ನೋಡುವವಳು, ಹಿಂದಿನ ಬಾಗಿಲಲ್ಲಿ ಯಾರು ಜೋತುಬಿದ್ದಿದ್ದಾರೆ ಎಂದು ಕತ್ತು ತಿರುಗಿಸದೆ ಹೇಳುವವಳು. ಅವಳ ಕಣ್ಣಿನಿಂದ ಏನು ತಪ್ಪಿಸಿಕೊಳ್ಳುತ್ತದೆ?

ಆಸ್ಪತ್ರೆಯಿಂದ ಬಂದ ಮೇಲೆ ಮೂರು ವಾರ ಅವಳು ಮನೆಯಲ್ಲೇ ಇದ್ದಳು. ಒಂದೇ ಸೂರಿನಡಿ ನನಗೆ ಅವಳ ಭಯ. ಅವಳು ಸ್ನಾನಕ್ಕೆ ಹೋದರೆ ಬಾಗಿಲಲ್ಲಿ ನಿಂತು ಉಸಿರಾಟ ಆಲಿಸುತ್ತಿದ್ದೆ. ಹೊರಗೆ ಬಂದರೆ ಎದುರು ನಿಲ್ಲಲಾರದೆ ಅಡುಗೆಮನೆಗೆ ಸರಿಯುತ್ತಿದ್ದೆ. ಅಕ್ಕ ಎಂದು ಕರೆದರೆ ಸಾಕು, ಈಗ ಹೇಳುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಉಪ್ಪು ಕೊಡು ಎನ್ನುತ್ತಿದ್ದಳು. ಇದಕ್ಕಿಂತ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತಡೆಯಲಾರದೆ ಒಂದು ಬೆಳಿಗ್ಗೆ ಕಾರ್ಖಾನೆಗೆ ಹೋದೆ. ಗ್ಯಾಲರಿಯವರು ಎಲ್ಲವನ್ನೂ ವಾಪಸು ಕಳಿಸಿದ್ದರು. ನಾಲ್ವರು ಗೋಡೆಗೆ ನಿಂತಿದ್ದರು. ಐದನೆಯದು ಸೀಳಿದ ಬೆನ್ನು ಮೇಲೆ ಮಾಡಿ ನೆಲದಲ್ಲಿ ಬಿದ್ದಿತ್ತು, ಅದರ ಅಂಚಿನಲ್ಲಿ ಕಪ್ಪಗೆ ಒಣಗಿದ ಕಲೆ. ಮುಸುಕು ಮಾತ್ರ ನೆಟ್ಟಗಿತ್ತು. ಬೆಸುಗೆಯ ಕೆಲಸಕ್ಕೆ ಇಟ್ಟುಕೊಂಡ ದೊಡ್ಡ ದೀಪವನ್ನು ಮೇಲಕ್ಕೆ ಕಟ್ಟಿ ಹಚ್ಚಿದೆ. ಹತ್ತು ಹನ್ನೆರಡು ಹೆಜ್ಜೆ ದೂರದ ಗೋಡೆಗೆ ನನ್ನ ಕೆಲಸದ ಅಂಗಿಯನ್ನು ಮೊಳೆಗೆ ನೇತುಹಾಕಿದೆ, ಅದು ನಾನು. ದೀಪದ ಕೆಳಗೆ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಮುಸುಕು ಹಾಕಿಕೊಂಡೆ.

ಮೊದಲು ಕತ್ತಲು. ಬಾಯಿಯ ಬಿಸಿ ತಾಮ್ರಕ್ಕೆ ಬಡಿದು ಮುಖಕ್ಕೇ ವಾಪಸು ಬಂತು. ಬರಿಯ ಮುಸುಕು, ಕುತ್ತಿಗೆಯ ಕೆಳಗೆ ಏನೂ ಇಲ್ಲ, ಆದರೂ ಕಿತ್ತುಹಾಕಬೇಕು ಎಂದು ಕೈ ತಾನಾಗಿ ಮೇಲೆ ಬಂತು. ತಡೆದುಕೊಂಡೆ. ನಿಧಾನವಾಗಿ ತೂತುಗಳು ಒಂದಕ್ಕೊಂದು ಕೂಡಿ ತೆಳುವಾದ ಪರದೆಯಾದವು. ಅದರಾಚೆ ಅಂಗಿ ಕಂಡಿತು. ಬರೀ ಕಂಡಿತು ಎಂದರೆ ಸಾಲದು. ಎದೆಯ ಮೇಲಿನ ಜೇಬು ಕಂಡಿತು, ಜೇಬಿನ ಸುಟ್ಟ ಕಲೆ ಕಂಡಿತು, ಮೂರನೆಯ ಗುಂಡಿ ಇಲ್ಲದ್ದು ಕಂಡಿತು. ಅಲ್ಲಿ ನಿಂತವಳ ತಲೆ ಒಂದು ಕಡೆ ವಾಲಿದ್ದರೆ ಅದು ಕಾಣದಿರಲು ಸಾಧ್ಯವೇ ಇರಲಿಲ್ಲ.

ಪೆಟ್ಟಿಗೆಯಿಂದ ಇಳಿದು ಮುಸುಕು ತೆಗೆದಿಟ್ಟೆ. ಹೊರಡುವ ಮುಂಚೆ ಇನ್ನೊಂದು ನಡೆಯಿತು, ಅದನ್ನೂ ಹೇಳಿಬಿಡುತ್ತೇನೆ. ನೆಲದ ಮೇಲಿದ್ದ ನಿಲುವಂಗಿಯನ್ನು ಮಗುಚಿ ಬಲ ಕಂಕುಳನ್ನು ನೋಡಿದೆ. ಆ ಮಡಿಕೆ ಅಲ್ಲೇ ಉಳಿದುಕೊಂಡಿತ್ತು. ಅಷ್ಟೆಲ್ಲ ಆದ ಮೇಲೂ ಅದು ನನಗೆ ಚೆನ್ನಾಗಿ ಕಂಡಿತು. ನನ್ನ ಮೇಲೆ ನನಗೇ ಹೆದರಿಕೆಯಾಗಿ ಬಾಗಿಲು ಹಾಕಿಕೊಂಡು ಬಂದೆ.

ನಾಲ್ಕನೆಯ ವಾರ ಚೂಟಿಗೆ ಕೆಲಸಕ್ಕೆ ಮರಳಲು ಅನುಮತಿ ಸಿಕ್ಕಿತು. ಹಳೆಯ ಸಮವಸ್ತ್ರ ಗಾಯಕ್ಕೆ ಉಜ್ಜುತ್ತಿತ್ತು, ಹೊಸದು ಸಡಿಲವಾಗಿ ಬೇಕಿತ್ತು. ಅಮ್ಮ ಯಂತ್ರದ ಮುಸುಕು ತೆಗೆದು ಎಣ್ಣೆ ಬಿಟ್ಟಳು, ನಿಧಾನಕ್ಕೆ ನಾನೇ ಹೊಲಿಯುತ್ತೇನೆ ಎಂದಳು. ಆದರೆ ಟೇಪು ಹಿಡಿದರೆ ಕೈ ನಡುಗುತ್ತದೆ, ಅಂಕೆ ಓದಲಾಗುವುದಿಲ್ಲ. ಅಳತೆ ನೀನು ತೆಗಿ ಎಂದು ಟೇಪನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಬೇಕೆಂದೇ ಕೊಟ್ಟಳೋ, ಹಾಗೇ ಕೊಟ್ಟಳೋ, ಅಮ್ಮನ ವಿಷಯದಲ್ಲಿ ಹೇಳುವುದು ಕಷ್ಟ.

ಚೂಟಿ ಕಿಟಕಿಯ ಬೆಳಕಿಗೆ ಬಂದು ನಿಂತಳು. ನಾನು ಭುಜ ಅಳೆದೆ, ತೋಳು ಅಳೆದೆ, ಬೆನ್ನಿನ ಉದ್ದ ಅಳೆದೆ. ಹೊಲಿಗೆ ಬಿಚ್ಚಿದ ಗಾಯ ಅಂಗಿಯ ಕೆಳಗೆ ಏಣಿಯಂತೆ ಕೈಗೆ ತಾಗಿತು. ಇನ್ನು ಪಕ್ಕೆಯ ಸುತ್ತಳತೆ ಉಳಿಯಿತು. ಟೇಪನ್ನು ಬೆನ್ನ ಹಿಂದಿನಿಂದ ತಂದು ಮುಂದೆ ಕೂಡಿಸಿದ ಕೂಡಲೇ ಅವಳ ಮೈ ಮರಗಟ್ಟಿತು. ಉಸಿರು ನಿಂತಿತು. ನನ್ನದೂ ನಿಂತಿತು. ಟೇಪಿನ ಕೆಳಗೆ ನನ್ನ ತೋರುಬೆರಳು ತೂರಿಸಿದೆ.

"ಮಾತಾಡು" ಎಂದೆ.

"ಏನು ಮಾತಾಡ್ಲಿ?"

"ಏನಾದ್ರೂ. ಉಸಿರು ಹಿಡೀಬೇಡ."

ಅವಳು ಕಿಟಕಿಯಾಚೆ ರಸ್ತೆಯ ಮೇಲೆ ಕಣ್ಣಿಟ್ಟಳು. ಬಸ್ಸಿನ ಗೇರು ಬದಲಿಸುವಾಗಿನ ಸಮಾಧಾನದಲ್ಲೇ ಮಾತಾಡಿದಳು.

"ಏಳು ಸಲ ಅಕ್ಕ. ಬೆರಳು ಎತ್ತಿದ ಮೇಲೆ ಏಳು ಸಲ ಉಸಿರು ಎಳ್ಕೊಳೋಕೆ ನೋಡ್ದೆ. ನೀನು ಬರ್ತೀಯ ಅಂತ ಒಂದೊಂದೇ ಎಣಿಸ್ತಿದ್ದೆ. ನೀನು ನನ್ನ ನೋಡ್ತಾನೇ ಇದ್ದೆ. ಚೆನ್ನಾಗಿರೋ ಸೀರೆ ನೋಡೋ ಹಾಗೆ ನೋಡ್ತಿದ್ದೆ."

ನಾನು ಕ್ಷಮಿಸು ಎನ್ನಲಿಲ್ಲ, ನನಗೆ ಗೊತ್ತಾಗಲಿಲ್ಲ ಎಂದು ಇನ್ನೊಂದು ಸುಳ್ಳೂ ಹೇಳಲಿಲ್ಲ. ಮತ್ತೆ ಎಲ್ಲರಿಗೂ ನೀನು ಯಾಕೆ ಎತ್ತಿದ ತಕ್ಷಣ ಬಂದಳು ಅಂದೆ ಎಂದು ಕೇಳಿದೆ.

"ಅಮ್ಮ ಕೇಳಿಸ್ಕೊತಿದ್ಲಲ್ಲ" ಎಂದಳು.

ಅವಳು ಕೆಳಗೆ ನೋಡಿ ನನ್ನ ಬೆರಳನ್ನು ಹಿಡಿದು, ಸಿಟ್ಟಿನಿಂದ ಅಲ್ಲ, ಮುಳ್ಳು ತೆಗೆಯುವವರ ಹಾಗೆ ಮೆಲ್ಲಗೆ, ಟೇಪಿನ ಕೆಳಗಿನಿಂದ ಆಚೆ ತೆಗೆದಳು. ಆ ಜಾಗದಲ್ಲಿ ತನ್ನದೇ ತೋರುಬೆರಳನ್ನು ಇಟ್ಟುಕೊಂಡಳು. ಆಮೇಲೆ ಉಸಿರು ತುಂಬ ಎಳೆದುಕೊಂಡಳು, ಟೇಪು ನನ್ನ ಕೈಯಲ್ಲಿ ಸರಿದು ಸಡಿಲವಾಯಿತು. ಈಗ ಓದು ಎಂದಳು. ಎರಡು ಸಲ ತಪ್ಪು ಓದಿದೆ.

ಅಡುಗೆಮನೆಯಿಂದ ಅಮ್ಮ ಕೂಗಿದಳು.

"ಬೆರಳು ಇಟ್ಟಿದೀಯ ತಾನೇ?"

ನಾನು ಉತ್ತರ ಕೊಡುವ ಮೊದಲೇ ಚೂಟಿ ಹೇಳಿದಳು.

"ಇಟ್ಟಿದೀನಿ ಅಮ್ಮ."